ಲೂಪಸ್ ವ್ಯಾಧಿಯೂ ರಕ್ತದ ಹೆಪ್ಪುಗಟ್ಟುವಿಕೆಯೂ

ಗಾಯವಾದೊಡನೆ ರಕ್ತವು ಹೆಪ್ಪುಗಟ್ಟಿ ಸ್ರಾವವನ್ನು ನಿಲ್ಲಿಸುವುದು ಶರೀರದ ಸಹಜ ಧರ್ಮ. ರೋಗಾಣುಗಳನ್ನು ಎದುರಿಸಲು ಪ್ರತಿಕಾಯಗಳನ್ನು ನಿರ್ಮಿಸುವುದು ಅದರ ಮತ್ತೊಂದು ಧರ್ಮ. ಈ ಪ್ರತಿಕಾಯಗಳು ಸ್ವಂತ ಅಂಗಾಂಶಗಳನ್ನೇ ಶತ್ರುವೆಂದು ಭ್ರಮಿಸಿ ಎರಗುವ ವ್ಯಾಧಿಗಳಲ್ಲಿ ಲೂಪಸ್ ಒಂದು. ಪ್ರಾಯದ ಸ್ತ್ರೀಯರಲ್ಲಿ ಇದು ಹೆಚ್ಚು. ಕೀಲುನೋವು, ಮುಖದ ಮೇಲಿನ ಕೆಂಪು ದದ್ದು, ಮೂತ್ರಪಿಂಡದ ಉರಿಯೂತ ಇದರ ಪರಿಚಿತ ಲಕ್ಷಣಗಳು. ಆದರೆ ರಕ್ತದ ಹೆಪ್ಪುಗಟ್ಟುವಿಕೆಯನ್ನು ಇದು ಕೆಡಿಸುವ ಬಗೆಯು ವೈದ್ಯರನ್ನೇ ಬಹುಕಾಲ ದಾರಿ ತಪ್ಪಿಸಿತು.

೧೯೫೨ರಲ್ಲಿ ಅಮೆರಿಕೆಯ ಕಾನ್ಲಿ ಮತ್ತು ಹಾರ್ಟ್‌ಮನ್ ಎಂಬ ವೈದ್ಯರು ಇಬ್ಬರು ಲೂಪಸ್ ರೋಗಿಗಳ ರಕ್ತದಲ್ಲಿ ಹೆಪ್ಪನ್ನು ತಡೆಯುವ ವಸ್ತುವೊಂದನ್ನು ಗುರುತಿಸಿದರು. ೧೯೭೨ರಲ್ಲಿ ಅದಕ್ಕೆ ‘ಲೂಪಸ್ ಆಂಟಿಕೋಆಗ್ಯುಲಂಟ್’, ಎಂದರೆ ಲೂಪಸ್ಸಿನ ಹೆಪ್ಪುನಿರೋಧಕ, ಎಂಬ ಹೆಸರು ಬಂದಿತು. ಇಷ್ಟು ತಪ್ಪರ್ಥ ಕೊಡುವ ಹೆಸರು ವೈದ್ಯಶಾಸ್ತ್ರದಲ್ಲಿ ವಿರಳವೇ ಸರಿ! ಏಕೆಂದರೆ ಇಂಥವರ ರಕ್ತವು ಪ್ರನಾಳದಲ್ಲಿ ತಡವಾಗಿ ಹೆಪ್ಪುಗಟ್ಟುತ್ತದೆ. ಶರೀರದೊಳಗೆ ಹೆಪ್ಪುಗಟ್ಟಬಾರದ ಕಡೆ ಹೆಪ್ಪುಗಟ್ಟುತ್ತದೆ.

ಇದರ ಮರ್ಮ ಹೀಗಿದೆ. ಹೆಪ್ಪುಗಟ್ಟಿಸುವ ಅಂಶಗಳು ಒಂದುಗೂಡಿ ಕೆಲಸಮಾಡಲು ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಹಾಸು ಬೇಕು. ಪ್ರಯೋಗಾಲಯದಲ್ಲಿ ಅದನ್ನು ಹೊರಗಿನಿಂದ ಅಳೆದು ಬೆರೆಸುತ್ತಾರೆ. ರೋಗಿಯ ಪ್ರತಿಕಾಯಗಳು ರಕ್ತದ ಕೆಲವು ಪ್ರೋಟೀನುಗಳೊಡಗೂಡಿ ಆ ಹಾಸನ್ನು ಮೊದಲೇ ಆಕ್ರಮಿಸುವುದರಿಂದ ಉಳಿದ ಅಂಶಗಳಿಗೆ ಎಡೆಯಿಲ್ಲದೆ ವಿಳಂಬವಾಗುತ್ತದೆ. ಆರೋಗ್ಯವಂತರ ಪ್ಲಾಸ್ಮಾ ಬೆರೆಸಿದರೂ ಈ ವಿಳಂಬ ನೀಗದು. ಫಾಸ್ಫೊಲಿಪಿಡನ್ನೇ ಯಥೇಚ್ಛವಾಗಿ ಸೇರಿಸಿದರೆ ನೀಗುತ್ತದೆ. ಶರೀರದೊಳಗಾದರೋ ಅವೇ ಪ್ರತಿಕಾಯಗಳು ರಕ್ತನಾಳಗಳ ಒಳಪೊರೆಯನ್ನೂ ಪ್ಲೇಟ್‌ಲೆಟ್ ಕಣಗಳನ್ನೂ ಕೆರಳಿಸುತ್ತವೆ. ಕಾಲಿನ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಸಾಗಬಹುದು. ಎಳೆವಯಸ್ಸಿನಲ್ಲೇ ಪಾರ್ಶ್ವವಾಯು ಬಡಿಯಬಹುದು. ಸಿಫಿಲಿಸ್ ಪತ್ತೆಗೆ ಬಳಸುವ ಕಾರ್ಡಿಯೊಲಿಪಿನ್ ಸಹ ಒಂದು ಫಾಸ್ಫೊಲಿಪಿಡ್ ಆದ್ದರಿಂದ, ಆ ರೋಗವೇ ಇಲ್ಲದವರಿಗೂ ಅದರ ಕಳಂಕ ತಟ್ಟಿದ್ದುಂಟು.

ಗರ್ಭಿಣಿಯರ ಪಾಡು ಇನ್ನೂ ದಾರುಣ. ಶಿಶುವಿಗೆ ಆಹಾರವೊದಗಿಸುವ ಮಾಸಿಗೆ ಧಕ್ಕೆಯಾಗಿ ಗರ್ಭವು ಮರಳಿ ಮರಳಿ ಇಳಿದುಹೋಗುತ್ತದೆ. ಸೊಸೆಯ ಕಾಲ್ಗುಣವನ್ನು ಹಳಿಯುವ ಮನೆಯವರು ಆಕೆಯ ರಕ್ತವನ್ನು ಪರೀಕ್ಷಿಸಿರುವುದೇ ಇಲ್ಲ. ಚದುರಿದ್ದ ಈ ಲಕ್ಷಣಗಳನ್ನೆಲ್ಲ ಒಂದೇ ವ್ಯಾಧಿಯಾಗಿ ೧೯೮೩ರಲ್ಲಿ ನಿರೂಪಿಸಿದವರು ಲಂಡನ್ನಿನ ಗ್ರಹಾಂ ಹ್ಯೂಸ್. ಲೂಪಸ್ ಇಲ್ಲದವರಲ್ಲಿಯೂ ಇದು ಕಾಣಿಸಿಕೊಳ್ಳುವುದುಂಟು.

ಸೋಂಕಿನ ತರುವಾಯ ಇಂಥ ಪ್ರತಿಕಾಯಗಳು ಬಂದು ಹೋಗುವುದೂ ಇರುವುದರಿಂದ ಕನಿಷ್ಠ ೧೨ ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಬೇಕು. ಹೆಪ್ಪುಗಟ್ಟಿದವರಿಗೆ ಸಾಮಾನ್ಯವಾಗಿ ವಾರ್ಫರಿನ್ ದೀರ್ಘಕಾಲ ಬೇಕಾಗುತ್ತದೆ. ಅದು ಭ್ರೂಣಕ್ಕೆ ಹಾನಿಕರವಾದ ಕಾರಣ ಗರ್ಭಿಣಿಯರಿಗೆ ಹೆಪಾರಿನ್ ಸೂಜಿಮದ್ದನ್ನೂ ಅಲ್ಪಪ್ರಮಾಣದ ಆಸ್ಪಿರಿನ್ನನ್ನೂ ಕೊಡುತ್ತಾರೆ. ಹಲವು ಗರ್ಭಗಳನ್ನು ಕಳೆದುಕೊಂಡ ಬಹುಮಂದಿ ತಾಯಂದಿರು ಈ ಚಿಕಿತ್ಸೆಯಿಂದ ಜೀವಂತ ಶಿಶುವನ್ನು ಪಡೆದಿದ್ದಾರೆ. ಹೆರಿಗೆಯ ಅನಂತರವೂ ಕೆಲವು ವಾರ ಹೆಪ್ಪಿನ ಅಪಾಯ ಉಳಿಯುವುದರಿಂದ ಔಷಧವನ್ನು ಕೂಡಲೇ ನಿಲ್ಲಿಸುವುದಿಲ್ಲ.