ದೂರುಗಳ ಲೆಕ್ಕ ಇಡುವ ತಂತ್ರಾಂಶ: ಬೀಗದ ಕೈ ಯಾರಲ್ಲಿರಬೇಕು?

ಸಂಘದ ದೂರು ಪುಸ್ತಕವನ್ನು ಗಣಕಯಂತ್ರಕ್ಕೆ ಏರಿಸಬಾರದೇಕೆ ಎಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಇದಕ್ಕೆಂದೇ ತಯಾರಾದ ತಂತ್ರಾಂಶಗಳಿವೆ. ಹಣ ಕೊಡದೆ ಸಿಗುವವೂ ಇವೆ. ಆದರೆ ತಂತ್ರಾಂಶ ತಂದಿಟ್ಟ ಮಾತ್ರಕ್ಕೆ ದೂರು ತೀರುವುದಿಲ್ಲ. ಅದನ್ನು ನಡೆಸುವವರ ಕೆಲಸವೇನು ಎಂಬುದನ್ನು ಬೆಳೆಗಾರ ಬಾಂಧವರಿಗೆ ತಿಳಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಇಂಥವುಗಳಲ್ಲಿ ಹೆಸರಾದ ಬಗ್‌ಝಿಲ್ಲಾ 1998ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಟೆರ್ರಿ ವೈಸ್‌ಮನ್ ಎಂಬವರು ಮೊಝಿಲ್ಲಾ ಯೋಜನೆಗಾಗಿ ಇದನ್ನು ಬರೆದರು. ಅಂತರಜಾಲ ನೋಡಲು ಬಳಸುವ ಫೈರ್‌ಫಾಕ್ಸ್ ಈ ಮೊಝಿಲ್ಲಾದವರದೇ. ಫೈರ್‌ಫಾಕ್ಸ್ ಕನ್ನಡದಲ್ಲಿಯೂ ದೊರೆಯುತ್ತದೆ. ಅದರ ಕನ್ನಡದಲ್ಲಿ ತಪ್ಪು ಕಂಡರೆ ದೂರು ಬರೆಯಲು ಬಗ್‌ಝಿಲ್ಲಾದಲ್ಲಿ ಕನ್ನಡದ್ದೇ ಒಂದು ವಿಭಾಗವಿದೆ.

ತಂತ್ರಾಂಶದ ದೋಷಕ್ಕೆ ಅವರು ಇಟ್ಟ ಹೆಸರು ಬಗ್, ಅಂದರೆ ಹುಳ. ನಮ್ಮ ತೋಟಗಳಿಗೂ ಒಪ್ಪುವ ಹೋಲಿಕೆಯೇ. ಕಾಂಡಕೊರಕ ಹಿಡಿದ ಅರೇಬಿಕಾ ಗಿಡಕ್ಕೆ ಹುಡುಕಲು ಹೋದವರು ಗುರುತು ಹಾಕುತ್ತಾರೆ. ಕಿತ್ತು ಸುಡುವವರು ಬೇರೆ. ಗುರುತು ತಪ್ಪಿದ ಗಿಡದಿಂದ ದುಂಬಿ ಹೊರಟು ಪಕ್ಕದ ಗಿಡಕ್ಕೆ ಹೋಗುತ್ತದೆ. ಬಗ್‌ಝಿಲ್ಲಾದಲ್ಲಿ ಆ ಗುರುತೆಂದರೆ ಸಂಖ್ಯೆ. ಪ್ರತಿ ದೂರಿಗೂ ಒಂದು ಸಂಖ್ಯೆ, ಒಬ್ಬ ಹೊಣೆಗಾರ, ಈಗಿನ ಸ್ಥಿತಿ ಎಷ್ಟೆಂಬ ನಮೂದು. ಯಾರು ಯಾವಾಗ ಏನನ್ನು ಬದಲಾಯಿಸಿದರೆಂಬುದೂ ದಾಖಲಾಗುತ್ತದೆ.

ದೂರನ್ನು ಮುಚ್ಚುವಾಗ 'ಸರಿಪಡಿಸಲಾಯಿತು', 'ದೋಷವಲ್ಲ', 'ಸರಿಪಡಿಸುವುದಿಲ್ಲ', 'ಹಿಂದೆಯೇ ಬಂದ ದೂರು' ಮುಂತಾದವುಗಳಲ್ಲಿ ಒಂದನ್ನು ಆರಿಸಬೇಕು. 'ಸರಿಪಡಿಸುವುದಿಲ್ಲ' ಎಂದು ನೇರವಾಗಿ ಬರೆಯುವ ಈ ಪದ್ಧತಿ ನಮಗೆ ಬಹಳ ಹಿಡಿಸಿತು. 'ಪರಿಶೀಲನೆಯಲ್ಲಿದೆ' ಎಂದು ವರ್ಷಗಟ್ಟಲೆ ಕಾಯಿಸುವುದಕ್ಕಿಂತ ಅದು ಮೇಲು. ವಿವರಣೆ ಬರೆಯದೆ ಯಾರೂ ದೂರು ಮುಚ್ಚಲಾಗದಂತೆ ಕಟ್ಟು ಹಾಕಲೂ ಬರುತ್ತದೆ. ಒಂದೇ ದೂರನ್ನು ಹತ್ತು ಜನ ತಂದರೆ? ಮಳೆಗಾಲದ ಮುಂಚೆ ಮೈಲುತುತ್ತು ಸಿಗಲಿಲ್ಲವೆಂದು ಹತ್ತು ಸದಸ್ಯರು ಬರೆದರೆನ್ನಿ. ಒಂಬತ್ತನ್ನು ಮೊದಲನೆಯದಕ್ಕೆ ಜೋಡಿಸುತ್ತಾರೆ. ಅದಕ್ಕೆ ಬರೆದ ಉತ್ತರ ಹತ್ತೂ ಮಂದಿಗೆ ತಲುಪುತ್ತದೆ.

ಇಷ್ಟೂ ತಂತ್ರಾಂಶದ ಗುಣ. ನಡೆಸುವವನ ಕೆಲಸ ಮುಂದಿನದು. ವಿಭಾಗಗಳನ್ನು ಮಾಡಿ ಒಂದೊಂದಕ್ಕೂ ಹೊಣೆಗಾರರ ಹೆಸರು ಬರೆಯುವವನು ಅವನೇ. ಆ ಹೊಣೆಗಾರ ಕೆಲಸ ಬಿಟ್ಟುಹೋದ ಮೇಲೂ ಹೆಸರು ಬದಲಾಯಿಸದಿದ್ದರೆ ಹೊಸ ದೂರುಗಳೆಲ್ಲ ಇಲ್ಲದವನ ಹೆಸರಿಗೇ ಹೋಗಿ ಬೀಳುತ್ತಿರುತ್ತವೆ. ಏಳು ದಿನ ಕೈ ಹಚ್ಚದ ಹೊಸ ದೂರುಗಳ ಬಗ್ಗೆ ಹೊಣೆಗಾರನಿಗೆ ನೆನಪಿನ ಪತ್ರ ಕಳಿಸುವ ಏರ್ಪಾಡೂ ಬಗ್‌ಝಿಲ್ಲಾದಲ್ಲಿದೆ. ಅದಕ್ಕೆ ಅವರು ಇಟ್ಟಿರುವ ಹೆಸರಿನ ಅರ್ಥ 'ಗೊಣಗಾಟ'! ಆದರೆ ಅದು ದಿನವೂ ತಾನಾಗಿ ನಡೆಯುವಂತೆ ಮೊದಲು ಒಬ್ಬರು ಹೊಂದಿಸಬೇಕು. ಹೊಂದಿಸದಿದ್ದರೆ ಗೊಣಗುವವರಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅಧಿಕಾರ ಹಂಚಿಕೆ. ಮೊಝಿಲ್ಲಾದಲ್ಲಿ ಬಹುಪಾಲು ದೂರುಗಳನ್ನು ಯಾರು ಬೇಕಾದರೂ ಓದಬಹುದು. ಆದರೆ ಕಳ್ಳರಿಗೆ ದಾರಿಯಾಗಬಲ್ಲ ದೋಷಗಳನ್ನು ಸರಿಪಡಿಸುವ ತನಕ ಗುಟ್ಟಾಗಿಡುತ್ತಾರೆ. ಗೋದಾಮಿನ ಹಿಂಬಾಗಿಲ ಚಿಲಕ ಮುರಿದಿದೆಯೆಂದು ಸೂಚನಾ ಫಲಕದಲ್ಲಿ ಯಾರೂ ಬರೆಯುವುದಿಲ್ಲವಷ್ಟೆ. ಹೀಗಿದ್ದೂ ಆ ಗುಟ್ಟು ಸೋರಿತು. ಹೆಚ್ಚಿನ ಅಧಿಕಾರವಿದ್ದ ಒಬ್ಬರು ಬಗ್‌ಝಿಲ್ಲಾದ ಗುಪ್ತಪದವನ್ನೇ ಬೇರೊಂದು ಜಾಲತಾಣದಲ್ಲಿಯೂ ಬಳಸಿದ್ದರು. ಆ ತಾಣದಿಂದ ಗುಪ್ತಪದ ಕಳವಾಯಿತು. ಕಳ್ಳ ಆ ಹೆಸರಿನಲ್ಲಿ ಒಳಗೆ ಬಂದು ಸುಮಾರು 185 ಗುಟ್ಟಿನ ದೂರುಗಳನ್ನು ನೋಡಿದ. ಅವುಗಳಲ್ಲಿ 53 ಗಂಭೀರ ದೋಷಗಳು. 43 ಅವನು ನೋಡುವ ಹೊತ್ತಿಗೆ ಸರಿಯಾಗಿದ್ದವು, ಉಳಿದ ಹತ್ತು ಆಗಿರಲಿಲ್ಲ. ಒಂದನ್ನು ಫೈರ್‌ಫಾಕ್ಸ್ ಬಳಸುವವರ ಮೇಲೆ ಪ್ರಯೋಗಿಸಿದನೆಂದು ಮೊಝಿಲ್ಲಾದವರ ನಂಬಿಕೆ. 2014ರ ಸೆಪ್ಟೆಂಬರಿನಲ್ಲಿಯೇ ಅವನು ಒಳಗಿದ್ದುದು ಖಚಿತವಾಯಿತು. ಸಂಗತಿ ಹೊರಬಂದದ್ದು 2015ರ ಸೆಪ್ಟೆಂಬರಿನಲ್ಲಿ. ಬೀಗ ಒಡೆಯಲಿಲ್ಲ, ಕೀಲಿಕೈ ಸಿಕ್ಕಿತ್ತು.

ಆಮೇಲೆ ಅವರು ಕೈಗೊಂಡ ಕ್ರಮ ಸರಳವಾದದ್ದು. ಗುಟ್ಟಿನ ದೂರು ನೋಡಬಲ್ಲವರೆಲ್ಲ ಗುಪ್ತಪದ ಬದಲಾಯಿಸಿ ಎರಡನೆಯ ಗುರುತನ್ನೂ ಒಪ್ಪಿಸಬೇಕೆಂದರು. ಅಂಥವರ ಸಂಖ್ಯೆಯನ್ನು ಇಳಿಸಿ, ಒಬ್ಬೊಬ್ಬರು ಮಾಡಬಹುದಾದ ಕೆಲಸವನ್ನೂ ಮಿತಗೊಳಿಸಿದರು.

ನಮ್ಮ ಪುಸ್ತಕಕ್ಕೂ ಇದು ಅನ್ವಯಿಸುತ್ತದೆ. ತೂಕದ ವ್ಯತ್ಯಾಸ, ಗೊಬ್ಬರ ಬರುವುದು ತಡವಾದದ್ದು, ಸಿಂಪರಣೆ ಪಂಪಿನ ದುರಸ್ತಿ ಇವು ಎಲ್ಲ ಸದಸ್ಯರಿಗೂ ಕಾಣುವಂತಿರಲಿ. ಸಾಲದ ಬಾಕಿ, ಬ್ಯಾಂಕ್ ಖಾತೆಯ ಸಂಖ್ಯೆ ಇರುವ ದೂರನ್ನು ಬರೆದವರು ಮತ್ತು ಸಂಬಂಧಪಟ್ಟ ಗುಮಾಸ್ತರು ಮಾತ್ರ ನೋಡಬೇಕು. ತೂಕದ ಮೇಲಿನ ದೂರನ್ನು ತೂಕ ಮಾಡಿದವರೇ ಮುಚ್ಚುವಂತಿರಬಾರದೆಂಬುದು ನಮ್ಮ ಅಭಿಪ್ರಾಯ. ಕಚೇರಿಗೆಲ್ಲ ಒಂದೇ ಗುಪ್ತಪದ ಇಟ್ಟು ಗೋಡೆಗೆ ಚೀಟಿ ಅಂಟಿಸುವುದಾದರೆ ಕಾಗದದ ಪುಸ್ತಕವೇ ವಾಸಿ. ಅದರಲ್ಲಿ ಕೈಬರಹವಾದರೂ ಗುರುತು ಸಿಗುತ್ತದೆ. ಕೆಲಸ ಬಿಟ್ಟ ಸಿಬ್ಬಂದಿಯ ಪ್ರವೇಶವನ್ನು ಅದೇ ದಿನ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದರೂ ಅವರು ಹಿಂದೆ ಬರೆದದ್ದೆಲ್ಲ ಅವರ ಹೆಸರಿನಲ್ಲಿಯೇ ಉಳಿಯುತ್ತದೆ.