ಬೆವರಿಗೆ ಅಳಿಯದ ಅಲಂಕಾರ

ರಾಯದುರ್ಗದ ಹೊಲಿಗೆ ಕೆಲಸಕ್ಕೂ ಮಡಕಶಿರಾ ಕಡೆಯ ಕಡಲೆಕಾಯಿ ಹೊಲಗಳಿಗೂ ಹೋಗುವ ಸಹೋದರಿಯರು, ಬೆಳಿಗ್ಗೆ ಹಚ್ಚಿದ ಪೌಡರು ಮಧ್ಯಾಹ್ನಕ್ಕೆ ಉಳಿಯುವುದಿಲ್ಲವೆಂದು ನಮ್ಮಲ್ಲಿ ಹೇಳುವುದುಂಟು. ನಮ್ಮ ಬೇಸಿಗೆ ಬಿಸಿಲಿನಲ್ಲಿ ಬೆವರು ಮತ್ತು ಚರ್ಮದ ಜಿಡ್ಡು ಸೇರಿ ಪೌಡರನ್ನು ಗಂಟುಗಟ್ಟಿಸುತ್ತವೆ. ಆದ್ದರಿಂದ ದಪ್ಪಗೆ ಹಚ್ಚಿದಷ್ಟೂ ಬೇಗ ಕೆಡುತ್ತದೆ.

ಮೊದಲು ತಣ್ಣೀರಿನಿಂದ ಮುಖ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಕ್ರೀಮನ್ನು ತೆಳುವಾಗಿ ಸವರಿ, 5-10 ನಿಮಿಷ ಬಿಟ್ಟು, ಅದು ಇಂಗಿದ ಮೇಲೆ ಪೌಡರನ್ನು ತೆಳ್ಳಗೆ ಒತ್ತಬೇಕು. ಬೆವರನ್ನು ಸೆರಗಿನಿಂದ ಉಜ್ಜದೆ ಕರವಸ್ತ್ರದಿಂದ ಒತ್ತಿ ತೆಗೆಯಬೇಕು.

ಹಣೆಗೆ ನಮ್ಮ ಅಜ್ಜಿಯರ ಕಾಲದಲ್ಲಿ ಜೇನುಮೇಣ ಸವರಿ ಅದರ ಮೇಲೆ ಕುಂಕುಮ ಇಡುತ್ತಿದ್ದರು. ಮೇಣ ಬೆವರಿನಲ್ಲಿ ಕರಗುವುದಿಲ್ಲ. ಈಗಿನ ಸ್ಟಿಕರ್ ಬೊಟ್ಟು ದಿನವಿಡೀ ನಿಲ್ಲುವುದು ಅಂಟಿನಿಂದ. ಕೆಲವು ಅಂಟುಗಳಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕವು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಕೊಲ್ಲುತ್ತದೆ. ಬೊಟ್ಟಿನ ಜಾಗದಲ್ಲಿ ಬಿಳಿ ಕಲೆ ಮೂಡುತ್ತದೆ. ತುರಿಕೆ ಅಥವಾ ಬಿಳುಪು ಕಂಡೊಡನೆ ಸ್ಟಿಕರ್ ನಿಲ್ಲಿಸಿ. ದೊಡ್ಡ ಬೊಟ್ಟಿಟ್ಟು ಕಲೆ ಮುಚ್ಚಬೇಡಿ, ಚರ್ಮದ ವೈದ್ಯರಿಗೆ ತೋರಿಸಿ.

ಏನು ಹಚ್ಚಿದ್ದರೂ ಮಲಗುವ ಮುನ್ನ ತೊಳೆದುಕೊಳ್ಳಿ.