ಪಡಸಾಲೆಯ ಆಟವು ಅಂಗೈಗೆ ಬಂದುದು

ದಾವಣಗೆರೆ ಹರಿಹರಗಳ ಮನೆಗಳಲ್ಲಿ ಆಟದ ಪಂದ್ಯವನ್ನು ನೋಡುವ ರೀತಿಯು ಕಳೆದ ಹತ್ತು ವರ್ಷಗಳಲ್ಲಿ ಬಹಳವಾಗಿ ಮಾರ್ಪಟ್ಟಿರುವುದು. ಪಡಸಾಲೆಯ ಟಿ.ವಿ. ಪೆಟ್ಟಿಗೆಯ ಮುಂದೆ ಅಜ್ಜಿಯಿಂದ ಮೊಮ್ಮಗಳ ವರೆಗೆ ಎಲ್ಲರೂ ಕುಳಿತು ನೋಡುತ್ತಿದ್ದ ಪಂದ್ಯವನ್ನು ಈಗ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲಿನಲ್ಲಿ ನೋಡುತ್ತಿರುವರು. ಹೀಗಾದುದಕ್ಕೆ ಕಾರಣವೇನು, ಇದರಿಂದ ನಮ್ಮ ಹೆಣ್ಣುಮಕ್ಕಳಿಗೆ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಹೆತ್ತವರೂ ಹಳೆಯ ವಿದ್ಯಾರ್ಥಿನಿಯರೂ ತಿಳಿದಿರುವುದು ಒಳ್ಳೆಯದು. ಆದುದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನು ಯಥಾಶಕ್ತಿ ವಿವರಿಸಲು ಯತ್ನಿಸುವೆವು.

ಮೊದಲು ಹಿಂದಿನ ಸಂಗತಿಯನ್ನು ಸ್ವಲ್ಪ ನೋಡೋಣ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಬಹುಕಾಲ ನಮ್ಮವರು ಆಟವನ್ನು ಕಿವಿಯಿಂದಲೇ ನೋಡಿದರು ಎನ್ನಬಹುದು. ದಿಲ್ಲಿಯಲ್ಲಿ ದೂರದರ್ಶನವು ೧೯೫೯ರಲ್ಲಿ ಆರಂಭವಾದರೂ ಬೆಂಗಳೂರಿಗೆ ಅದರ ಕೇಂದ್ರವು ಬಂದುದು ೧೯೮೧ರಲ್ಲಿ. ಮರುವರ್ಷ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಾಲಕ್ಕೆ ಚಿತ್ರಗಳಿಗೆ ಬಣ್ಣವು ಬಂದಿತು. ಆ ದಿನಗಳಲ್ಲಿ ಸರ್ಕಾರದ ದೂರದರ್ಶನದ ವಿನಾ ಬೇರೆ ಗತಿಯಿರಲಿಲ್ಲ; ಅದು ತೋರಿಸಿದ್ದೇ ಆಟ, ತೋರಿಸದಿದ್ದುದು ಇಲ್ಲದಂತೆಯೇ ಸರಿ.

ಈ ಏಕಸ್ವಾಮ್ಯವು ಮುರಿದುದಕ್ಕೂ ಒಂದು ಆಟವೇ ಕಾರಣವಾಯಿತು. ೧೯೯೩ರ ಹೀರೋ ಕಪ್ ಕ್ರಿಕೆಟ್ ಪಂದ್ಯಗಳನ್ನು ಬಿತ್ತರಿಸುವ ಹಕ್ಕನ್ನು ಬಂಗಾಳದ ಕ್ರಿಕೆಟ್ ಸಂಸ್ಥೆಯು ಒಂದು ವಿದೇಶೀ ಸಂಸ್ಥೆಗೆ ಕೊಡಲು, ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ವಾಯುತರಂಗಗಳು ಸಾರ್ವಜನಿಕರ ಸ್ವತ್ತು, ಸರ್ಕಾರವೊಂದರದೇ ಅಲ್ಲ ಎಂಬ ತೀರ್ಪು ೧೯೯೫ರಲ್ಲಿ ಬಂದಿತು. ಖಾಸಗಿ ಕ್ರೀಡಾ ವಾಹಿನಿಗಳು ಬೆಳೆದುವು. ಆದರೆ ಹಣ ಕೊಡಲಾರದವನಿಗೆ ದೇಶದ ಮುಖ್ಯ ಪಂದ್ಯವು ತಪ್ಪಿಹೋಗಬಾರದೆಂದು ೨೦೦೭ರಲ್ಲಿ ಒಂದು ಕಾಯಿದೆಯಾಯಿತು. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರವು ಗೊತ್ತುಮಾಡಿದ ಪಂದ್ಯಗಳನ್ನು ಖಾಸಗಿಯವರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳತಕ್ಕದ್ದೆಂಬುದೇ ಅದರ ಸಾರ.

ಇಷ್ಟಾದರೂ ಟಿ.ವಿ.ಯಲ್ಲಿ ಆಟದ ಭಾಷೆ ಬಹುಮಟ್ಟಿಗೆ ಇಂಗ್ಲಿಷು ಅಥವಾ ಹಿಂದಿಯಾಗಿಯೇ ಉಳಿದಿತ್ತು. ೨೦೧೮ರಲ್ಲಿ ಐ.ಪಿ.ಎಲ್. ಪಂದ್ಯಗಳು ಸುವರ್ಣ ಪ್ಲಸ್ ವಾಹಿನಿಯಲ್ಲಿ ಕನ್ನಡದ ವಿವರಣೆಯೊಡನೆ ಬಂದುವು. ಅದೇ ವರ್ಷದ ಕೊನೆಗೆ ಸ್ಟಾರ್ ಸಂಸ್ಥೆಯು ಕನ್ನಡಕ್ಕೆಂದೇ ಒಂದು ಕ್ರೀಡಾ ವಾಹಿನಿಯನ್ನು ತೆರೆಯಿತು. ೨೦೧೯ರ ಜನವರಿ ೫ರಂದು ಬೆಂಗಳೂರು ಬುಲ್ಸ್ ತಂಡವು ಪ್ರೊ ಕಬಡ್ಡಿಯಲ್ಲಿ ಗೆದ್ದಿತು. ದಾಂಡಿಗ, ಎಸೆತ, ಹುದ್ದರಿ, ಓಟ ಎಂಬ ಮಾತುಗಳು ಪಡಸಾಲೆಗೆ ಬರಲು, ಇಂಗ್ಲಿಷು ಬಾರದ ಅಜ್ಜಿಯೂ ಆಟದ ಮರ್ಮವನ್ನು ಅರಿತು ಮೊಮ್ಮಕ್ಕಳೊಡನೆ ವಾದಿಸಬಹುದಾಯಿತು. ಇದೇನು ಸಣ್ಣ ಲಾಭವಲ್ಲ.

ಆದರೆ ಕನ್ನಡ ವಾಹಿನಿಯು ಕಣ್ಣು ತೆರೆಯುವಷ್ಟರಲ್ಲಿಯೇ ಅದರ ಬುಡದ ಮಣ್ಣು ಸಡಿಲವಾಗತೊಡಗಿತ್ತು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆಯ ಸೇವೆ ಆರಂಭವಾದ ಮೇಲೆ ಅಂತರ್ಜಾಲದ ಡೇಟಾ ಬಹಳ ಅಗ್ಗವಾಯಿತು. ೨೦೨೨ರ ಜೂನಿನಲ್ಲಿ, ಮುಂದಿನ ಐದು ವರ್ಷಗಳ ಐ.ಪಿ.ಎಲ್. ಪ್ರಸಾರದ ಹಕ್ಕುಗಳು ಹರಾಜಾದಾಗ, ಭಾರತದೊಳಗಿನ ಟಿ.ವಿ. ಹಕ್ಕು ೨೩,೫೭೫ ಕೋಟಿ ರೂಪಾಯಿಗೂ ಅಂತರ್ಜಾಲದ ಮುಖ್ಯ ಹಕ್ಕು ೨೦,೫೦೦ ಕೋಟಿ ರೂಪಾಯಿಗೂ ಹೋದುವು. ಎರಡೂ ಹೆಚ್ಚುಕಡಮೆ ಸಮಸಮವಾಗಿ ನಿಂತುದು ಇದರಿಂದ ತಿಳಿಯುವುದು. ೨೦೨೩ರಲ್ಲಿ ಜಿಯೋಸಿನೆಮಾ ಆ ಪಂದ್ಯಗಳನ್ನು ಕನ್ನಡವೂ ಸೇರಿ ಹನ್ನೆರಡು ಭಾಷೆಗಳಲ್ಲಿ ಬಿಟ್ಟಿಯಾಗಿ ತೋರಿಸಿತು. ಬಿಟ್ಟಿಯಾಗಿ ದೊರೆಯುವಾಗ ವಾಹಿನಿಗೆ ತಿಂಗಳ ಹಣವನ್ನು ಯಾರು ಕೊಟ್ಟಾರು? ಮುಂದೆ ೨೦೨೪ರ ನವೆಂಬರಿನಲ್ಲಿ ಪೈಪೋಟಿಯ ಎರಡು ಸಂಸ್ಥೆಗಳೂ ಒಂದಾಗಿ, ೨೦೨೫ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಎಂಬ ಒಂದೇ ಅಂಗಡಿಯಾಯಿತು. ಬಿಟ್ಟಿಯ ಕಾಲವೂ ಮುಗಿಯಿತು.

ಇದು ನಮ್ಮ ನಾಡಿಗೆ ಮಾತ್ರ ಬಂದ ಬದಲಾವಣೆಯಲ್ಲ. ಅಮೆರಿಕದಲ್ಲಿ ಊರೂರ ತಂಡಗಳ ಪಂದ್ಯಗಳನ್ನು ಆಯಾ ಸೀಮೆಗೆ ತೋರಿಸುತ್ತಿದ್ದ ವಾಹಿನಿಗಳ ದೊಡ್ಡ ಒಡೆಯನಾದ ಡೈಮಂಡ್ ಸ್ಪೋರ್ಟ್ಸ್ ಸಂಸ್ಥೆಯು ೨೦೨೩ರ ಮಾರ್ಚಿಯಲ್ಲಿ ದಿವಾಳಿಯ ಅರ್ಜಿಯನ್ನು ಹಾಕಿತು. ಜನರು ಕೇಬಲ್ ಸಂಪರ್ಕವನ್ನು ಕಿತ್ತುಹಾಕಿದುದೇ ಅದರ ಮುಖ್ಯ ಕಾರಣ.

ಎರಡು ಬಗೆಯ ಪ್ರಸಾರಗಳಿಗಿರುವ ಭೇದವನ್ನು ಹೀಗೆ ತಿಳಿಯಬಹುದು. ಉಪಗ್ರಹದ ಪ್ರಸಾರವು ಗುಡಿಯ ಗಂಟೆಯಂತೆ, ಇಗರ್ಜಿಯ ಗಂಟೆಯಂತೆ: ಒಮ್ಮೆ ಬಾರಿಸಿದರೆ ಊರಿಗೆಲ್ಲ ಕೇಳಿಸುವುದು, ಕೇಳುವವರು ಹತ್ತು ಜನರಾದರೂ ಹತ್ತು ಸಾವಿರವಾದರೂ ಬಾರಿಸುವ ಶ್ರಮ ಒಂದೇ. ಅಂತರ್ಜಾಲದ ಪ್ರಸಾರವಾದರೋ ಮನೆಮನೆಗೆ ಹೋಗುವ ಅಂಚೆಯಂತೆ: ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಪ್ರತಿಯೊಬ್ಬ ನೋಟಕನಿಗೂ ಬೇರೆ ಬೇರೆಯಾಗಿ ಕಳುಹಿಸಬೇಕು. ಆದುದರಿಂದಲೇ ನೆರೆಮನೆಯ ಟಿ.ವಿ.ಯ ಮುಂದೆ ‘ಔಟ್’ ಎಂಬ ಕೂಗು ಎದ್ದಾಗ ಮೊಬೈಲಿನ ಎಸೆತಗಾರನು ಇನ್ನೂ ಓಡಿಬರುತ್ತಿರುವನು. ಅಂಚೆಯವನಿಗೆ ಮನೆಯ ವಿಳಾಸವು ತಿಳಿದಿರುವಂತೆ, ಯಾರು ಯಾವುದನ್ನು ಎಷ್ಟು ಹೊತ್ತು ನೋಡಿದರೆಂಬುದು ಕಳುಹಿಸುವವನಿಗೆ ತಿಳಿಯುವುದು. ಜಾಹೀರಾತಿನವರು ಈ ದಾರಿಯನ್ನು ಮೆಚ್ಚಿದುದಕ್ಕೆ ಇದೇ ಗುಟ್ಟು.

ಇನ್ನು ಲಾಭವನ್ನು ಹೇಳುವೆವು. ಟಿ.ವಿ.ಯ ಒಂದು ವಾಹಿನಿಗೆ ದಿನಕ್ಕೆ ಇಪ್ಪತ್ತುನಾಲ್ಕೇ ಗಂಟೆ. ಅದರಲ್ಲಿ ದೊಡ್ಡ ಆಟಗಳಿಗೆ ಮೊದಲ ಪಂಕ್ತಿ. ಅಂತರ್ಜಾಲದಲ್ಲಿ ಪಂಕ್ತಿಗೆ ಕೊನೆಯಿಲ್ಲ. ದಾವಣಗೆರೆಯ ಆರ್. ವಿನಯ್ ಕುಮಾರರು ನಾಯಕರಾಗಿ ೨೦೧೩–೧೪ರಲ್ಲಿಯೂ ೨೦೧೪–೧೫ರಲ್ಲಿಯೂ ಕರ್ನಾಟಕಕ್ಕೆ ರಣಜಿ ಪಾರಿತೋಷಕವನ್ನು ತಂದುಕೊಟ್ಟಾಗ, ಆ ಸ್ಪರ್ಧೆಯ ಎಷ್ಟೋ ಪಂದ್ಯಗಳು ಟಿ.ವಿ.ಯಲ್ಲಿ ಬರಲೇ ಇಲ್ಲ. ಈಗಲಾದರೋ ಟೆನಿಸ್ ಚೆಂಡಿನ ಕ್ರಿಕೆಟ್ಟು, ಜಾತ್ರೆಯ ಕುಸ್ತಿ ಮೊದಲಾದ ಊರ ಆಟಗಳನ್ನು ಕೂಡ ಒಂದು ಕ್ಯಾಮರಾ, ಒಬ್ಬ ಕನ್ನಡ ವಿವರಣೆಗಾರನ ನೆರವಿನಿಂದ ಯೂಟ್ಯೂಬಿನಲ್ಲಿ ಬಿತ್ತರಿಸಬಹುದಾಗಿದೆ. ದುಬಾಯಿಯಲ್ಲಿರುವ ಮಗನು ತನ್ನೂರಿನ ಮೈದಾನವನ್ನು ಅಲ್ಲಿಂದಲೇ ನೋಡಬಲ್ಲನು.

ಹೆಣ್ಣುಮಕ್ಕಳ ಆಟಕ್ಕಂತೂ ಇದು ದೊಡ್ಡ ಬಾಗಿಲು. ೧೯೭೬ರಲ್ಲಿ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಭಾರತದ ಮಹಿಳೆಯರು ಬೆಂಗಳೂರಿನಲ್ಲಿ ತಮ್ಮ ಪ್ರಥಮ ಟೆಸ್ಟ್ ಪಂದ್ಯವನ್ನು ಆಡಿದಾಗ ಆ ಊರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ. ೨೦೨೩ರಲ್ಲಿ ಮಹಿಳಾ ಪ್ರೀಮಿಯರ್ ಲೀಗಿನ ಐದು ವರ್ಷಗಳ ಪ್ರಸಾರದ ಹಕ್ಕು ೯೫೧ ಕೋಟಿ ರೂಪಾಯಿಗೆ ಮಾರಾಟವಾಯಿತು. ಬೆಂಗಳೂರಿನ ಮಹಿಳಾ ತಂಡವು ೨೦೨೪ರ ಮಾರ್ಚಿಯಲ್ಲಿ ಆ ಸ್ಪರ್ಧೆಯನ್ನು ಗೆದ್ದಿತು; ಗಂಡಸರ ತಂಡವು ಗೆಲ್ಲಲು ೨೦೨೫ರ ಜೂನಿನ ವರೆಗೆ ಕಾಯಬೇಕಾಯಿತು! ೨೦೨೫ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು ೭೮–೪೦ರಿಂದ ಸೋಲಿಸಿದರು. ಆ ಕೊನೆಯ ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದವರು ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ. ಅದೇ ನವೆಂಬರ್ ೨ರಂದು ಭಾರತದ ಮಹಿಳೆಯರು ಕ್ರಿಕೆಟ್ಟಿನ ವಿಶ್ವಕಪ್ಪನ್ನು ಗೆದ್ದರು. ತನ್ನಂಥವಳೇ ಒಬ್ಬಳು ಆಡುವುದನ್ನು ಕಂಡ ಹುಡುಗಿಗೆ ಯಾರ ಉಪದೇಶವೂ ಬೇಕಾಗದು.

ಆದರೆ ಆ ಹುಡುಗಿಯು ಕಾಣುವುದು ಹೇಗೆ? ಇಲ್ಲಿಯೇ ನಷ್ಟದ ಲೆಕ್ಕವು ಮೊದಲಾಗುವುದು. ಪಡಸಾಲೆಯ ಪೆಟ್ಟಿಗೆಯು ಮನೆಯವರೆಲ್ಲರ ಸೊತ್ತು. ಮೊಬೈಲಾದರೋ ಅನೇಕ ಮನೆಗಳಲ್ಲಿ ತಂದೆಯದು ಅಥವಾ ಅಣ್ಣನದು. ಅವರು ಮನೆಯಲ್ಲಿದ್ದರೆ ಆಟವುಂಟು, ಹೊರಗೆ ಹೋದರೆ ಆಟವೂ ಅವರೊಡನೆ ಹೋಯಿತು. ಉತ್ತಮ ಸ್ಪಷ್ಟತೆಯ ಚಿತ್ರಕ್ಕೆ ಗಂಟೆಗೆ ಎರಡು ಮೂರು ಜಿ.ಬಿ. ಡೇಟಾ ಬೇಕಾಗುವುದರಿಂದ, ದಿನದ ಪಾಲು ಅರ್ಧ ಪಂದ್ಯಕ್ಕೂ ಸಾಲದೆ ಹೋಗಬಹುದು. ಮಾಳಿಗೆಯ ಮೇಲಿನ ಹಳೆಯ ಆಂಟೆನಾದಿಂದಲೂ ಈಗ ಪ್ರಯೋಜನವಿಲ್ಲ. ಕೆಲವೊಂದನ್ನು ಬಿಟ್ಟು ಪ್ರಸಾರ ಭಾರತಿಯ ಆ ಬಗೆಯ ಕೇಂದ್ರಗಳೆಲ್ಲ ೨೦೨೨ರ ಮಾರ್ಚಿಯೊಳಗೆ ಮುಚ್ಚಿದುವು. ತಿಂಗಳ ಶುಲ್ಕವಿಲ್ಲದ ಡಿ.ಡಿ. ಫ್ರೀ ಡಿಶ್ ಒಂದೇ ಬಡವರ ಆಸರೆಯಾಗಿ ಉಳಿದಿದೆ. ಅಲ್ಲದೆ, ಒಬ್ಬಂಟಿಯಾಗಿ ನೋಡುವ ಮಗುವಿಗೆ ಆಟದ ನಡುವೆ ಬರುವ ಪಂಥದ ಆಮಿಷಗಳಿಂದ ಯಾರು ಎಚ್ಚರಿಕೆ ಹೇಳುವರು? ಹಣವಿಟ್ಟಾಡುವ ಅಂತರ್ಜಾಲದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯಿದೆಯನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಮಾಡಿರುವುದು ಸಂತೋಷದ ಸಂಗತಿ. ಆದರೂ ಹೆತ್ತವರ ಕಣ್ಣಿನಷ್ಟು ಒಳ್ಳೆಯ ಕಾಯಿದೆಯು ಬೇರೊಂದಿಲ್ಲ.

ಆದುದರಿಂದ ಹೆತ್ತವರಲ್ಲಿ ನಮ್ಮ ಬಿನ್ನಹಗಳು ಮೂರು. ಒಂದನೆಯದು, ಮುಖ್ಯವಾದ ಪಂದ್ಯಗಳನ್ನು, ಅದರಲ್ಲಿಯೂ ಮಹಿಳೆಯರ ಪಂದ್ಯಗಳನ್ನು, ಮೊಬೈಲನ್ನು ಟಿ.ವಿ.ಗೆ ಜೋಡಿಸಿಯಾದರೂ ಮನೆಯವರೆಲ್ಲ ಕೂಡಿ ನೋಡಿರಿ. ಮಗನಿಗೆ ಕೊಡುವಷ್ಟು ಹೊತ್ತನ್ನು ಮಗಳಿಗೂ ಕೊಡಿರಿ. ಎರಡನೆಯದು, ಕನ್ನಡದ ವಿವರಣೆಯನ್ನೇ ಆರಿಸಿಕೊಳ್ಳಿರಿ. ಎಷ್ಟು ಜನ ಕೇಳುವರೆಂಬ ಲೆಕ್ಕವು ಅವರಿಗೆ ಮುಟ್ಟುವುದರಿಂದ, ಕೇಳುವವರಿದ್ದರೆ ಮಾತ್ರ ಆ ಭಾಷೆ ಅಲ್ಲಿ ಬಾಳುವುದು. ಮೂರನೆಯದು, ಶಾಲೆಯ ಹುಡುಗಿಯರ ಆಟವನ್ನು ಯಾರಾದರೂ ಲೋಕಕ್ಕೆಲ್ಲ ಬಿತ್ತರಿಸಲು ಬಂದರೆ, ಹೆತ್ತವರ ಒಪ್ಪಿಗೆಯನ್ನು ಮೊದಲು ಕೇಳತಕ್ಕದ್ದು. ಒಮ್ಮೆ ಹೊರಟ ಚಿತ್ರವನ್ನು ಹಿಂದಕ್ಕೆ ಕರೆಯುವುದು ಕಷ್ಟ.

ಹಳೆಯ ವಿದ್ಯಾರ್ಥಿನಿಯರಿಗೆ ಒಂದೇ ಮಾತು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಓಟದ ಪಂದ್ಯದ ದೃಷ್ಟಾಂತವನ್ನು ಹೇಳಿದಾಗ, ಓಡುವವರನ್ನು ಕುರಿತು ಹೇಳಿದನೇ ಹೊರತು ಕುಳಿತು ನೋಡುವವರನ್ನು ಕುರಿತಲ್ಲ. ಪ್ರಸಾರದ ದಾರಿ ಇನ್ನೂ ಹತ್ತು ಸಲ ಬದಲಾಗಬಹುದು. ನಿಮ್ಮ ಮಗಳು ಸಂಜೆ ಮೈದಾನಕ್ಕೆ ಹೋಗುವ ದಾರಿಯನ್ನು ಮಾತ್ರ ಎಂದಿಗೂ ಮುಚ್ಚಬೇಡಿರಿ.